ಒಂದೇ ನಾಯಿ, ಎರಡು ಹೆಸರು: ತಳಿಗಳ ಸಚಿತ್ರ ಕೋಶವನ್ನು ಓದುವ ಬಗೆ

ಪುಣೆಯ ಅಪ್ಪಾ ಬಳವಂತ ಚೌಕದ ಹತ್ತಿರ, ಹಳೆಯ ಪುಸ್ತಕಗಳ ರಾಶಿಯ ಅಡಿಯಲ್ಲಿ ನನಗೊಂದು ಕೋಶ ಸಿಕ್ಕಿತು. ಜಗತ್ತಿನ ನಾಯಿ ತಳಿಗಳ ಸಚಿತ್ರ ಕೋಶ. ತಲೆದಿಂಬಿನಷ್ಟು ದಪ್ಪ, ನುಣುಪು ಕಾಗದ, ಪುಟಕ್ಕೊಂದು ನಾಯಿ. ಅಂಗಡಿಯವನು ಅದನ್ನು ಒಂದು ಕೈಯಲ್ಲಿ ತೂಗಿ ನೋಡಿ ಬೆಲೆ ಹೇಳಿದ. ಕೊಥರೂಡಿನ ಮನೆಗೆ ತಂದವನೇ ಕೊನೆಯ ಪುಟಗಳ ಹೆಸರುಪಟ್ಟಿ ತೆರೆದೆ. ನಾನು ಜಮಖಂಡಿ ಕಡೆಯವನು, ಮುಧೋಳ ನಮಗೆ ನೆರೆಯ ಊರು, ಅಲ್ಲಿನ ಬೇಟೆನಾಯಿಯ ತಳಿಗೂ ಅದೇ ಹೆಸರು. ಮಾಲ್ಟೀಸ್ ಇತ್ತು, ಮ್ಯಾಸ್ಟಿಫ್ ಇತ್ತು. ಮುಧೋಳ ಇರಬೇಕಾಗಿದ್ದ ಜಾಗದಲ್ಲಿ ಮುಡಿ ಎಂಬ ಹಂಗೇರಿಯ ಕುರಿನಾಯಿ ಕುಳಿತಿತ್ತು.

ಕೆಳಗಿನ ಮಹಡಿಯಲ್ಲಿ ಲಾತೂರಿನ ಕಾಕಾ ಒಬ್ಬರಿದ್ದಾರೆ. ವಿಷಯ ಕೇಳಿ ಅವರು ನಕ್ಕರು. "ಮುಧೋಳ ಎಂದರೆ ಎಲ್ಲಿ ಸಿಗುತ್ತದೆ? ಕಾರವಾನ ಎಂದು ಹುಡುಕಿ. ಅದು ನಮ್ಮ ಕಡೆಯ ನಾಯಿ." ಹುಡುಕಿದೆವು. ಅದೂ ಇರಲಿಲ್ಲ. ನಿಮ್ಮದೋ ನಮ್ಮದೋ ಎಂದು ಜಗಳಕ್ಕೆ ಅಣಿಯಾಗಿದ್ದ ಇಬ್ಬರೂ ಒಂದಾಗಿ ಪುಸ್ತಕವನ್ನು ಬೈದು ಚಹಾ ಕುಡಿದೆವು.

ಮುನ್ನೂರು ಚಿಲ್ಲರೆ ನಾಯಿಗಳಿಗೆ ಜಾಗವಿರುವ ಪುಸ್ತಕದಲ್ಲಿ ಇದೊಂದಕ್ಕೆ ಏಕಿಲ್ಲ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದರ ಬೆನ್ನು ಹತ್ತಿ ಹೋದರೆ ತಳಿ ಎಂದರೆ ನಿಜಕ್ಕೂ ಏನು ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಮೊದಲು ನಿರ್ವಿವಾದದ ಸಂಗತಿ. ಎರಡು ಕಿಲೋ ತೂಗುವ ಚಿವಾವಾ, ಹೆಗಲೆತ್ತರವೇ 80 ಸೆಂಟಿಮೀಟರ್ ಮೀರುವ ಗ್ರೇಟ್ ಡೇನ್, ನಮ್ಮ ಓಣಿಯ ಕಂದು ನಾಯಿ, ಈ ಮೂರೂ ಜೀವಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಾಣಿ. ಎಲ್ಲವೂ ಪುರಾತನ ತೋಳಗಳ ಸಂತತಿ. ಜರ್ಮನಿಯ ಓಬರ್‌ಕಾಸೆಲ್‌ನಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಜೊತೆ ಹೂಳಿದ್ದ ನಾಯಿಯ ಎಲುಬುಗಳು ಸುಮಾರು 14,000 ವರ್ಷ ಹಳೆಯವು. ಹೊಲ, ಹಟ್ಟಿ, ಹಸು, ಕೋಳಿ ಯಾವುದೂ ಮನುಷ್ಯನ ಬಳಿ ಇಲ್ಲದ ಕಾಲಕ್ಕೇ ನಾಯಿ ಇತ್ತು. ಆದರೆ ಕೋಶದಲ್ಲಿ ಕಾಣುವ ತಳಿಗಳಲ್ಲಿ ಬಹುಪಾಲಿನ ವಯಸ್ಸು ಇನ್ನೂರು ವರ್ಷವನ್ನೂ ದಾಟುವುದಿಲ್ಲ.

ಇದು ಹೇಗೆ ಎಂದು ತಿಳಿಯಲು ಮಂಡ್ಯ ಜಿಲ್ಲೆಯ ಆತಕೂರಿಗೆ ಹೋಗಬೇಕು. ಅಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲಿನ ಮೇಲೆ ಒಂದು ನಾಯಿ ಕಾಡುಹಂದಿಯೊಂದಿಗೆ ಸೆಣಸುತ್ತಿದೆ. ನಾಯಿಯ ಹೆಸರು ಕಾಳಿ. ಗಂಗರ ದೊರೆ ಬೂತುಗ ಅದನ್ನು ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟಿದ್ದ. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು, ಕಲ್ಲು ನಿಂತಿತು. ಆ ಶಾಸನ ಕಾಳಿಯ ಹೆಸರು ಹೇಳುತ್ತದೆ, ಮಾಡಿದ ಕೆಲಸ ಹೇಳುತ್ತದೆ. ತಳಿ ಯಾವುದು ಎಂದು ಹೇಳುವುದಿಲ್ಲ. ಆ ಕಾಲದವರಿಗೆ ಅಂಥ ಪ್ರಶ್ನೆಯೇ ಹೊಳೆಯುತ್ತಿರಲಿಲ್ಲ. ಬೇಟೆಗೆ ಹೋಗುವುದು ಬೇಟೆನಾಯಿ, ಕುರಿ ಕಾಯುವುದು ಕುರಿನಾಯಿ. ಚೆನ್ನಾಗಿ ಓಡುವ ಗಂಡಿಗೆ ಚೆನ್ನಾಗಿ ಓಡುವ ಹೆಣ್ಣನ್ನು ಕೂಡಿಸುತ್ತಿದ್ದರು. ಬಣ್ಣ ಯಾವುದಾದರೇನು, ಕಿವಿ ನಿಂತರೇನು ಬಿದ್ದರೇನು.

ಪದ್ಧತಿ ಬದಲಾದದ್ದು ಇಂಗ್ಲೆಂಡಿನಲ್ಲಿ. 1859ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಪಾಯಿಂಟರ್ ಮತ್ತು ಸೆಟರ್ ಎಂಬ ಬೇಟೆನಾಯಿಗಳ ಪ್ರದರ್ಶನ ನಡೆಯಿತು. ನಾಯಿ ಪ್ರದರ್ಶನಗಳ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ. ಬಹುಮಾನ ಕೊಡಬೇಕೆಂದರೆ ಅಳತೆ ಬೇಕು, ಅಳತೆಗೆ ಬರಹ ಬೇಕು, ಮೋಸ ತಡೆಯಲು ವಂಶಾವಳಿಯ ವಹಿ ಬೇಕು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು, 1884ರಲ್ಲಿ ಅಮೆರಿಕದ್ದು. 1911ರಲ್ಲಿ ಯುರೋಪಿನ ಕ್ಲಬ್ಬುಗಳು ಕೂಡಿ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ನಮ್ಮ ಅಕ್ಕಿ ಗೋಧಿಯ ಎಫ್‌ಸಿಐಗೂ ಇದಕ್ಕೂ ಸಂಬಂಧವಿಲ್ಲ.

ಹೀಗೆ ತಳಿಗೆ ಹೊಸ ಅರ್ಥ ಬಂತು. ಮೊದಲನೆಯದು ಒಂದು ವಹಿ. ಅದರಲ್ಲಿ ಹೆಸರಿರುವ ತಂದೆತಾಯಿಗಳ ಮರಿಗೆ ಮಾತ್ರ ಅದರಲ್ಲಿ ಹೆಸರು. ಎರಡನೆಯದು ಮಾನಕ, ಅಂದರೆ ಆದರ್ಶ ನಾಯಿ ಹೇಗಿರಬೇಕು ಎಂಬ ಲಿಖಿತ ವರ್ಣನೆ. ಇವೆರಡಕ್ಕೂ ಮುದ್ರೆ ಒತ್ತುವ ಒಂದು ಸಂಸ್ಥೆ ಮೂರನೆಯದು. ಎಫ್‌ಸಿಐ ಮುನ್ನೂರೈವತ್ತಕ್ಕೂ ಹೆಚ್ಚು ತಳಿಗಳನ್ನು ಒಪ್ಪಿದೆ, ಅಮೆರಿಕದ ಕ್ಲಬ್ಬು ಸುಮಾರು ಇನ್ನೂರನ್ನು. ಅಮೆರಿಕದಲ್ಲಿ ನಾಯಿಗಳ ಬಗೆ ಕಡಿಮೆ ಎಂದು ಇದರ ಅರ್ಥವಲ್ಲ, ಅಲ್ಲಿನ ಮುದ್ರೆ ಬೇರೆ. ಆದ್ದರಿಂದ "ಜಗತ್ತಿನಲ್ಲಿ ಎಷ್ಟು ತಳಿಗಳಿವೆ" ಎಂದು ಕೇಳಿದರೆ "ಯಾರ ವಹಿಯಲ್ಲಿ" ಎಂದು ಮರಳಿ ಕೇಳಬೇಕಾಗುತ್ತದೆ.

ಒಳ್ಳೆಯ ಕೋಶಗಳು ತಳಿಗಳನ್ನು ಅಕಾರಾದಿಯಾಗಿ ಜೋಡಿಸುವುದಿಲ್ಲ, ಕಸುಬಿನ ಪ್ರಕಾರ ಜೋಡಿಸುತ್ತವೆ. ಎಫ್‌ಸಿಐ ಮಾಡಿದ್ದು ಹತ್ತು ಗುಂಪು. ಒಂದನೆಯದು ಕುರಿ, ದನ ಮೇಯಿಸುವ ನಾಯಿಗಳು: ಬಾರ್ಡರ್ ಕೋಲಿ, ಜರ್ಮನ್ ಶೆಫರ್ಡ್. ಎರಡನೆಯದರಲ್ಲಿ ಡಾಬರ್‌ಮನ್, ಮ್ಯಾಸ್ಟಿಫ್, ಸೇಂಟ್ ಬರ್ನಾರ್ಡ್‌ನಂಥ ಕಾವಲಿನ ಭಾರಿ ಮೈಯವು. ಡಾಬರ್‌ಮನ್ ಹುಟ್ಟಿನ ಕಥೆ ನನಗೆ ಇಷ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಅಪೋಲ್ಡಾ ಊರಿನ ತೆರಿಗೆ ವಸೂಲಿಗಾರ ಲೂಯಿ ಡಾಬರ್‌ಮನ್ ತನ್ನ ರಕ್ಷಣೆಗೆಂದು ಇದನ್ನು ಬೆಳೆಸಿದ. ತೆರಿಗೆ ಕೇಳಲು ಹೋಗುವವನ ಪಕ್ಕದಲ್ಲಿ ಎಂಥ ನಾಯಿ ಇರಬೇಕೋ ಅಂಥದೇ ಅದು.

ಮೂರನೆಯದು ಟೆರಿಯರ್‌ಗಳು, ಬಿಲಕ್ಕೆ ನುಗ್ಗಿ ಇಲಿ, ನರಿ ಹಿಡಿಯುವವು. ನಾಲ್ಕನೆಯ ಗುಂಪಿನಲ್ಲಿ ಡ್ಯಾಕ್ಸ್‌ಹುಂಡ್ ಒಂದೇ. ಜರ್ಮನ್ ಭಾಷೆಯಲ್ಲಿ ಡ್ಯಾಕ್ಸ್ ಎಂದರೆ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿ, ಹುಂಡ್ ಎಂದರೆ ನಾಯಿ. ಗಿಡ್ಡ ಕಾಲು, ಉದ್ದ ಬೆನ್ನು ಎಲ್ಲವೂ ಬಿಲದ ಅಳತೆಗೆ. ಎಫ್‌ಸಿಐ ಇಂದಿಗೂ ಇದರ ಮೂರು ಗಾತ್ರಗಳನ್ನು ಎದೆಯ ಸುತ್ತಳತೆಯಿಂದ ಗುರುತಿಸುತ್ತದೆ, ಎದೆ ತೂರಿದರೆ ಉಳಿದ ಮೈಯೂ ತೂರುತ್ತದೆ. ಐದನೆಯದು ಚೂಪು ಕಿವಿ, ಸುರುಳಿ ಬಾಲದ ಸ್ಪಿಟ್ಜ್ ಬಗೆ ಮತ್ತು ಆದಿಮ ಎಂದು ಕರೆಸಿಕೊಳ್ಳುವ ನಾಯಿಗಳು: ಸೈಬೀರಿಯಾದ ಹಸ್ಕಿ, ಜಪಾನಿನ ಅಕಿತಾ, ಬೊಗಳುವ ಬದಲು ರಾಗ ಎಳೆಯುವ ಕಾಂಗೋದ ಬಸೆಂಜಿ.

ಆರು ಮತ್ತು ಹತ್ತನೆಯ ಗುಂಪುಗಳನ್ನು ಒಟ್ಟಿಗೆ ತೆರೆದಿಟ್ಟು ನೋಡಬೇಕು. ಎರಡೂ ಬೇಟೆನಾಯಿಗಳೇ. ಆರನೆಯವು ಮೂಗಿನಿಂದ ಬೇಟೆಯಾಡುತ್ತವೆ, ಹತ್ತನೆಯವು ಕಣ್ಣಿನಿಂದ. ಮೂಗಿನ ನಾಯಿಯ ಚಿತ್ರದಲ್ಲಿ ಜೋಲು ಕಿವಿ, ಸಡಿಲ ಚರ್ಮ, ನೆಲದತ್ತ ಬಾಗಿದ ತಲೆ, ಅವಸರವಿಲ್ಲದ ಮೈಕಟ್ಟು. ಬ್ಲಡ್‌ಹೌಂಡ್, ಬೀಗಲ್, ಬ್ಯಾಸೆಟ್ ಈ ಪೈಕಿ. ಜಾಡು ಎಲ್ಲಿಗೂ ಓಡಿಹೋಗುವುದಿಲ್ಲ, ಹಾಗಾಗಿ ಇವಕ್ಕೂ ಧಾವಂತವಿಲ್ಲ. ಬೆನ್ನಟ್ಟುತ್ತ ಕೂಗುತ್ತವೆ, ಹಿಂದೆ ಬರುವ ಬೇಟೆಗಾರನಿಗೆ ದಿಕ್ಕು ಗೊತ್ತಾಗಲಿ ಎಂದು. ಕಣ್ಣಿನ ನಾಯಿಗೆ ಆ ಪುರುಸೊತ್ತಿಲ್ಲ. ಮೊಲ ಕಣ್ಮರೆಯಾದರೆ ಕಥೆ ಮುಗಿಯಿತು. ಆದ್ದರಿಂದ ನೀಳವಾದ ಕಿರಿದು ತಲೆ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಕಮಾನಿನ ಸೊಂಟ. ಗ್ರೇಹೌಂಡ್ ಗಂಟೆಗೆ ಅರವತ್ತು ಕಿಲೋಮೀಟರ್‌ಗೂ ಮಿಕ್ಕಿ ಓಡುತ್ತದೆ. ಓಟದ ಒಂದು ಗಳಿಗೆಯಲ್ಲಿ ನಾಲ್ಕೂ ಕಾಲು ಹೊಟ್ಟೆಯಡಿ ಸೇರಿ ಗಾಳಿಯಲ್ಲಿರುತ್ತದೆ, ಇನ್ನೊಂದು ಗಳಿಗೆಯಲ್ಲಿ ನಾಲ್ಕೂ ಚಾಚಿ ಗಾಳಿಯಲ್ಲಿರುತ್ತದೆ. ಮುಧೋಳಕ್ಕೆ ನನ್ನ ಪುಸ್ತಕದಲ್ಲಿ ಜಾಗ ಕೊಟ್ಟಿದ್ದರೆ ಅದು ಇಲ್ಲಿ, ಸಲೂಕಿ ಮತ್ತು ಅಫ್ಘನ್ ಹೌಂಡ್‌ಗಳ ಪಕ್ಕದಲ್ಲಿರುತ್ತಿತ್ತು.

ಏಳು ಮತ್ತು ಎಂಟು ಬಂದೂಕಿನ ಕಾಲದವು. ಏಳನೆಯ ಗುಂಪಿನವು ಹಕ್ಕಿ ಎಲ್ಲಿದೆ ಎಂದು ಕಾಲೆತ್ತಿ ನಿಂತು ತೋರಿಸುತ್ತವೆ, ಎಂಟನೆಯವು ಎಬ್ಬಿಸುತ್ತವೆ ಅಥವಾ ಬಿದ್ದದ್ದನ್ನು ಹಲ್ಲು ತಾಗಿಸದೆ ತಂದುಕೊಡುತ್ತವೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಈ ಕೊನೆಯ ಬಗೆ. ಹೇಳಿದ್ದನ್ನು ತಂದುಕೊಡುವ ಈ ಗುಣವನ್ನೇ ಪೊಲೀಸರು ಬೇರೆ ಕೆಲಸಕ್ಕೆ ತಿರುಗಿಸಿದರು. 1993ರ ಮುಂಬಯಿ ಸ್ಫೋಟಗಳ ಸಮಯದಲ್ಲಿ 3,329 ಕಿಲೋ ಆರ್‌ಡಿಎಕ್ಸ್ ಪತ್ತೆ ಮಾಡಿದ ಝಂಜೀರ್ ಒಂದು ಲ್ಯಾಬ್ರಡಾರ್. ತರಬೇತಿ ಆದದ್ದು ಇಲ್ಲೇ, ಪುಣೆಯ ಶಿವಾಜಿನಗರದಲ್ಲಿ. ಒಂಬತ್ತನೆಯ ಗುಂಪು ಮಡಿಲ ನಾಯಿಗಳದು. ಅವುಗಳ ಕಸುಬು ಮನುಷ್ಯನ ಜೊತೆ ಕುಳಿತಿರುವುದು, ಅದೇನೂ ಹಗುರದ ಕೆಲಸವಲ್ಲ.

ಹೆಸರುಗಳನ್ನು ಮಾತ್ರ ನಂಬಬೇಡಿ. ಗ್ರೇಟ್ ಡೇನ್‌ಗೆ ಡೆನ್ಮಾರ್ಕಿನ ಸಂಬಂಧವಿಲ್ಲ, ಅದು ಜರ್ಮನಿಯದು. ಆಸ್ಟ್ರೇಲಿಯನ್ ಶೆಫರ್ಡ್ ರೂಪುಗೊಂಡದ್ದು ಅಮೆರಿಕದಲ್ಲಿ. ಲ್ಯಾಬ್ರಡಾರ್‌ನ ಪೂರ್ವಜರು ಲ್ಯಾಬ್ರಡಾರ್ ಪ್ರಾಂತದವರಲ್ಲ, ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ನಾಯಿಗಳು. ಟಿಬೆಟನ್ ಟೆರಿಯರ್ ಟೆರಿಯರ್ ಅಲ್ಲ. ನನ್ನ ಸೋದರಮಾವ ಸಾಯುವವರೆಗೂ ಜರ್ಮನ್ ಶೆಫರ್ಡ್ ಅನ್ನು ಅಲ್ಸೇಷಿಯನ್ ಎಂದೇ ಕರೆಯುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಜರ್ಮನ್ ಎಂಬ ಮಾತೇ ಬ್ರಿಟಿಷರಿಗೆ ಕಹಿಯಾಗಿ, 1919ರಲ್ಲಿ ಅಲ್ಲಿನ ಕ್ಲಬ್ಬು ಆ ನಾಯಿಯನ್ನು ಅಲ್ಸೇಸ್ ಪ್ರಾಂತದ ಹೆಸರಿನಡಿ ದಾಖಲಿಸಿತ್ತು. 1977ರಲ್ಲಿ ಹಳೆಯ ಹೆಸರು ಮರಳಿತು. ನಮ್ಮ ಊರುಗಳಿಗೆ ಆ ಸುದ್ದಿ ನಿಧಾನವಾಗಿ ಮುಟ್ಟಿತು. ಇನ್ನು ಎಂಬತ್ತು, ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಿಂದ ಡೊಂಬಿವಲಿವರೆಗೆ ಮನೆಮನೆಯಲ್ಲಿ ಬೊಗಳುತ್ತಿದ್ದ ಬಿಳಿಯ ಪಮೇರಿಯನ್ ಇದೆಯಲ್ಲ, ಅದು ಹೆಚ್ಚಿನ ಕಡೆ ಇಂಡಿಯನ್ ಸ್ಪಿಟ್ಜ್. ನಿಜವಾದ ಪಮೇರಿಯನ್ ಎರಡು ಮೂರು ಕಿಲೋ ತೂಗುವ ಹತ್ತಿಯುಂಡೆ.

ಪುಟ ತೆರೆದಾಗ ಏನನ್ನು ನೋಡಬೇಕು ಎಂಬುದನ್ನು ನಾನು ಕಲಿತದ್ದು ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ. ಬೆಳಗಿನ ಆರು ಗಂಟೆಗೆ ಪುಣೆಯ ಅರ್ಧ ಶ್ವಾನಕುಲ ಅಲ್ಲಿ ಸೇರಿರುತ್ತದೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಗಣಿಯ ಹೊಂಡದ ಪಕ್ಕದ ದಾರಿಯಲ್ಲಿ ನಾಲ್ಕು ನಾಯಿಗಳು ಎದುರಾದವು. ಮುಂದೆ ಒಂದು ಹಸ್ಕಿ, ಸೂರ್ಯ ಇನ್ನೂ ಮೇಲೇರದಿದ್ದರೂ ನಾಲಿಗೆ ಪೂರ್ತಿ ಹೊರಗೆ. ಅದರ ಕೂದಲು ಎರಡು ಪದರದ್ದು: ಒಳಗೆ ಉಣ್ಣೆಯಂಥ ಒತ್ತು, ಹೊರಗೆ ಒರಟು ಹೊದಿಕೆ. ಒಡೆಯ ಬೇಸಿಗೆಗೆ ಬೋಳಿಸಬೇಕು ಎನ್ನುತ್ತಿದ್ದ. ಪಶುವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ, ಏಕೆಂದರೆ ಚಳಿ ತಡೆಯುವ ಪದರವೇ ಬಿಸಿಲನ್ನೂ ತಡೆಯುತ್ತದೆ. ಅದರ ಹಿಂದೆ ಒಂದು ಪಗ್, ಹತ್ತು ಹೆಜ್ಜೆಗೊಮ್ಮೆ ಕುಳಿತು, ಗೊರಕೆಯಂಥ ಸದ್ದಿನಲ್ಲಿ ಉಸಿರು ಎಳೆಯುತ್ತಿತ್ತು. ಪಕ್ಕದಲ್ಲಿ ಒಂದು ಗೋಲ್ಡನ್, ಯಾರದೋ ಚಪ್ಪಲಿ ಬಾಯಲ್ಲಿ ಹಿಡಿದು, ಯಾರಿಗೆ ಕೊಡಲಿ ಎಂದು ಹುಡುಕುತ್ತಿತ್ತು. ನಾಲ್ಕನೆಯದು ಯಾರದೂ ಅಲ್ಲದ ಕಂದು ನಾಯಿ. ಸಣ್ಣ ಕೂದಲು, ಚೂಪು ಕಿವಿ, ಬೆನ್ನ ಮೇಲೆ ಬಾಗಿದ ಬಾಲ. ಬಂಡೆ ಹತ್ತಿ ನಿಂತು ಉಳಿದ ಮೂರನ್ನೂ ನೋಡಿತು. ಏದುಸಿರೂ ಇಲ್ಲ.

ಮೂತಿ, ಕೂದಲು, ಕಾಲು, ಗಾತ್ರ. ಕೋಶದ ಯಾವ ಪುಟ ತೆರೆದರೂ ಈ ನಾಲ್ಕನ್ನು ಮೊದಲು ನೋಡಿ. ಸೋಜಿಗವೆಂದರೆ ಇವುಗಳ ಹಿಂದೆ ಇರುವುದು ಕೆಲವೇ ಕೆಲವು ವಂಶವಾಹಿಗಳು. ಮನುಷ್ಯನ ಎತ್ತರವನ್ನು ನೂರಾರು ವಂಶವಾಹಿಗಳು ಕೂಡಿ ನಿರ್ಧರಿಸಿದರೆ, ನಾಯಿಯ ಗಾತ್ರದಲ್ಲಿ ಐಜಿಎಫ್1 ಎಂಬ ಒಂದರ ಪಾತ್ರವೇ ದೊಡ್ಡದು ಎಂದು 2007ರಲ್ಲಿ ಗೊತ್ತಾಯಿತು. ಡ್ಯಾಕ್ಸ್‌ಹುಂಡ್, ಕಾರ್ಗಿ, ಬ್ಯಾಸೆಟ್‌ಗಳ ಕುಳ್ಳು ಕಾಲಿಗೆ ಕಾರಣ, ಎಫ್‌ಜಿಎಫ್4 ಎಂಬ ವಂಶವಾಹಿಯ ಒಂದು ಹೆಚ್ಚುವರಿ ಪ್ರತಿ. ಎಂದೋ ಒಂದು ನಾಯಿಯಲ್ಲಿ ಆದ ನಕಲು ದೋಷ ಅದು. 2009ರಲ್ಲಿ ಅದು ಪತ್ತೆಯಾದ ವರ್ಷವೇ ಕೂದಲಿನ ಗುಟ್ಟೂ ಬಿಚ್ಚಿಕೊಂಡಿತು. ಉದ್ದ, ಒರಟು, ಗುಂಗುರು, ಈ ಮೂರಕ್ಕೆ ಮೂರು ವಂಶವಾಹಿ. ಮೂರೂ ಹಳೆಯ ರೂಪದಲ್ಲೇ ಉಳಿದರೆ ಬ್ಯಾಸೆಟ್‌ನಂಥ ತುಂಡುಗೂದಲು. ಉದ್ದದ್ದು ಮಾತ್ರ ಬದಲಾದರೆ ಗೋಲ್ಡನ್. ಮೂರೂ ಬದಲಾದರೆ ಪೂಡಲ್. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಉಪ್ಪು, ಹುಳಿ, ಖಾರ ಮೂರರಿಂದಲೇ ಇಷ್ಟೊಂದು ಬಗೆಯ ಸಾರು. ಇನ್ನೂರು ವರ್ಷದೊಳಗೆ ಇಷ್ಟು ಬೇರೆ ಬೇರೆ ರೂಪದ ನಾಯಿಗಳನ್ನು ಮಾಡಲು ಸಾಧ್ಯವಾದದ್ದು ಇದರಿಂದ.

ರೂಪ ನೋಡಿ ವಯಸ್ಸು ಹೇಳಲು ಹೋದರೆ ಮೋಸ ಹೋಗುತ್ತೀರಿ. ಫೇರೋ ಹೌಂಡ್ ಎಂಬ ತಳಿ ಈಜಿಪ್ಟಿನ ಗೋಡೆಚಿತ್ರದಿಂದ ಇಳಿದು ಬಂದಂತೆ ಕಾಣುತ್ತದೆ. 2004ರ ವಂಶವಾಹಿ ಅಧ್ಯಯನವೊಂದು ಅದು ಈಚೆಗಿನ ತಳಿಗಳ ಜೊತೆಗೇ ಸೇರುತ್ತದೆ ಎಂದು ತೋರಿಸಿತು. ಚಿತ್ರ ನೋಡಿ ಅದರಂತೆ ನಾಯಿಯನ್ನು ಬೆಳೆಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸಚಿತ್ರ ಕೋಶಗಳ ಬಗ್ಗೆ ನನಗಿರುವ ತಕರಾರೂ ಇಲ್ಲೇ ಇದೆ. ಕಾಳಿಯ ಕಾಲದಲ್ಲಿ ಕೆಲಸ ನಾಯಿಯನ್ನು ತಿದ್ದುತ್ತಿತ್ತು. ಉಸಿರಾಡಲು ಆಗದ ನಾಯಿ ಹಂದಿಯ ಹಿಂದೆ ಓಡುತ್ತಿರಲಿಲ್ಲ, ಓಡದ ನಾಯಿಗೆ ಯಾರೂ ಹೆಣ್ಣು ಹುಡುಕುತ್ತಿರಲಿಲ್ಲ. ಕೆಲಸ ನಿಂತ ಮೇಲೆ ಚಿತ್ರ ತಿದ್ದತೊಡಗಿತು. ಬುಲ್‌ಡಾಗ್ ನೋಡಿ. ಗೂಳಿಯ ಮೇಲೆ ನಾಯಿ ಛೂ ಬಿಡುವ ಆಟವನ್ನು ಇಂಗ್ಲೆಂಡ್ 1835ರಲ್ಲಿ ನಿಷೇಧಿಸಿತು. ಆಗಿನ ಚಿತ್ರಗಳಲ್ಲಿ ಅದಕ್ಕೆ ಸಾಕಷ್ಟು ಮೂತಿ ಇದೆ, ಉದ್ದ ಕಾಲಿದೆ. ಕೆಲಸ ತಪ್ಪಿದ ನಾಯಿ ಪ್ರದರ್ಶನದ ಅಂಕಣಕ್ಕೆ ಬಂತು. ಮಾನಕದಲ್ಲಿ ಮೂತಿ ಗಿಡ್ಡವಿರಲಿ ಎಂದು ಬರೆದಿದ್ದರೆ, ಇನ್ನೂ ಗಿಡ್ಡ ಇದ್ದದ್ದಕ್ಕೆ ಬಹುಮಾನ. ತಲೆ ದೊಡ್ಡದಿರಲಿ ಎಂದಿದ್ದರೆ, ಇನ್ನೂ ದೊಡ್ಡದಕ್ಕೆ. ಇಂದು ಬುಲ್‌ಡಾಗ್ ಮರಿಗಳಲ್ಲಿ ಬಹುಪಾಲು ಸಿಸೇರಿಯನ್ ಮೂಲಕ ಹೊರಬರುತ್ತವೆ, ತಾಯಿಯ ಸೊಂಟಕ್ಕಿಂತ ಮರಿಯ ತಲೆ ದೊಡ್ಡದು. ಪಗ್‌ನ ಕಥೆಯೂ ಇದೇ ದಾರಿಯದು. ತಲೆಬುರುಡೆ ಮೊಟಕಾದರೂ ಒಳಗಿನ ಮಾಂಸ, ಅಂಗುಳ ಅಷ್ಟೇ ಉಳಿದು ಗಾಳಿಯ ದಾರಿಯನ್ನು ಮುಚ್ಚುತ್ತವೆ. ನಾಯಿಗೆ ಮೈತುಂಬ ಬೆವರುವ ದಾರಿಯಿಲ್ಲ, ಏದುಸಿರೇ ಅದರ ಬೀಸಣಿಗೆ. ಆ ಬೀಸಣಿಗೆಯೇ ಕಟ್ಟಿಕೊಂಡರೆ ಪುಣೆಯ ಏಪ್ರಿಲ್ ಅದಕ್ಕೆ ಕೊಲೆಗಡುಕ. 2003ರ ಸುಮಾರಿಗೆ ಒಂದು ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಾಡಿದ ಪಗ್ ದೇಶವನ್ನೇ ಮರುಳು ಮಾಡಿತು. ಜಾಹೀರಾತಿನಲ್ಲಿ ಉಸಿರಿನ ಸದ್ದು ಕೇಳಿಸುತ್ತಿರಲಿಲ್ಲ.

ಮುಚ್ಚಿದ ವಹಿಯ ಇನ್ನೊಂದು ತೊಂದರೆ ಹೊರಗಿನಿಂದ ಕಾಣುವುದಿಲ್ಲ. ಡಾಲ್ಮೇಷಿಯನ್ ಮರಿಗಳು ಅಚ್ಚ ಬಿಳಿಯಾಗಿ ಹುಟ್ಟಿ ವಾರಗಳ ನಂತರ ಚುಕ್ಕೆ ಪಡೆಯುತ್ತವೆ. ಆ ತಳಿಯಲ್ಲಿ ಯೂರಿಕ್ ಆಮ್ಲವನ್ನು ಸರಿಯಾಗಿ ಕರಗಿಸದ ಒಂದು ದೋಷ ಎಲ್ಲ ನಾಯಿಗಳಿಗೂ ಹರಡಿ, ಮೂತ್ರಕೋಶದಲ್ಲಿ ಕಲ್ಲು ಕಟ್ಟುವುದು ಮಾಮೂಲಾಯಿತು. ವಹಿಯೊಳಗೆ ಎಲ್ಲಿ ಹುಡುಕಿದರೂ ಸರಿಯಾದ ಪ್ರತಿ ಉಳಿದಿರಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಒಂದು ಸಲ ಪಾಯಿಂಟರ್ ನಾಯಿಯೊಂದಿಗೆ ಕೂಡಿಸಿ, ಆಮೇಲೆ ತಲೆಮಾರುಗಟ್ಟಲೆ ಮತ್ತೆ ಡಾಲ್ಮೇಷಿಯನ್‌ಗಳಿಗೇ ಕೂಡಿಸುತ್ತ ಹೋದರು. ನೋಡಲು ಪೂರ್ತಿ ಡಾಲ್ಮೇಷಿಯನ್, ಕಲ್ಲಿನ ಕಾಟವಿಲ್ಲ. ಅಮೆರಿಕದ ಕ್ಲಬ್ಬು ಆ ಸಂತತಿಯನ್ನು ವಹಿಗೆ ಸೇರಿಸಿಕೊಂಡದ್ದು 2011ರಲ್ಲಿ. ಒಂದು ಮದುವೆ ಒಪ್ಪಿಕೊಳ್ಳಲು ಮೂವತ್ತೆಂಟು ವರ್ಷ! ನಮ್ಮ ಕಡೆಯ ಹಿರಿಯರೂ ಇದಕ್ಕಿಂತ ಬೇಗ ಕರಗುತ್ತಾರೆ.

ತಳಿಯ ಪುಟದಲ್ಲಿ ಸ್ವಭಾವ ಎಂಬ ಒಂದು ಸಾಲು ಇರುತ್ತದೆ. ನಿಷ್ಠಾವಂತ, ಮಕ್ಕಳೊಂದಿಗೆ ಸೌಮ್ಯ, ಅಪರಿಚಿತರೊಡನೆ ಎಚ್ಚರ. ರಾಶಿಭವಿಷ್ಯದಂತೆ ಓದಿಕೊಳ್ಳಿ. 2022ರಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಒಡೆಯರಿಂದ ಕೇಳಿ ದಾಖಲಿಸಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿದ ಅಧ್ಯಯನವೊಂದು, ನಾಯಿನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡ 9 ಎಂದು ಲೆಕ್ಕ ಹಾಕಿತು. ಹೇಳಿದಂತೆ ಕೇಳುವಂಥ ಕೆಲವು ಗುಣಗಳಲ್ಲಿ ತಳಿಯ ಪ್ರಭಾವ ತುಸು ಹೆಚ್ಚು, ಕೆರಳುವ ಸ್ವಭಾವದಲ್ಲಿ ಬಹಳ ಕಡಿಮೆ. ಉಳಿದದ್ದು ಆ ನಾಯಿಯದೇ ಪಾಡು: ತಾಯಿಯ ಜೊತೆ ಎಷ್ಟು ದಿನವಿತ್ತು, ಯಾರು ಬೆಳೆಸಿದರು, ಎಷ್ಟು ಹೊತ್ತು ಕಟ್ಟಿಹಾಕಿದರು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಮ್ಮ ಕೇಂದ್ರ ನಿಯಮ ಹೇಳುವುದು ಸುಮ್ಮನೆ ಅಲ್ಲ. ನನ್ನ ಪರಿಚಯದವರೊಬ್ಬರು ಕಾಗದಪತ್ರವೆಲ್ಲ ಇದೆ ಎಂಬ ಮಾತು ನಂಬಿ ಐದು ವಾರದ ಮರಿ ತಂದರು. ಕಾಗದದಲ್ಲಿದ್ದ ಮೈಕ್ರೋಚಿಪ್ ಸಂಖ್ಯೆಗೂ ನಾಯಿಗೂ ತಾಳೆಯಾಗಲಿಲ್ಲ. ನಾಯಿ ಒಳ್ಳೆಯದೇ, ಅದಕ್ಕೆ ಕಾಗದ ಓದಲು ಬರುವುದಿಲ್ಲ.

ಸರಕಾರವೂ ತಳಿಯ ಹೆಸರಿನಲ್ಲಿ ಎಡವಿದ್ದುಂಟು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಉಗ್ರವೆಂದು ಹೆಸರಿಸಿ 23 ಬಗೆಯ ನಾಯಿಗಳ ಮಾರಾಟ, ಸಾಕಣೆ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಅದರಲ್ಲಿ ಟೋಸಾ ಇನು ಎಂದು ಒಂದು ಕಡೆ, ಜಪಾನಿನ ಟೋಸಾ ಎಂದು ಇನ್ನೊಂದು ಕಡೆ. ಎರಡೂ ಒಂದೇ ನಾಯಿ, ಜಪಾನಿ ಭಾಷೆಯಲ್ಲಿ ಇನು ಎಂದರೆ ನಾಯಿ. ಬರಿದೇ ಟೆರಿಯರ್‌ಗಳು ಎಂದೂ ಇತ್ತು, ಅಂದರೆ ಎಫ್‌ಸಿಐನ ಮೂರನೆಯ ಗುಂಪು ಇಡಿಯಾಗಿ, ಅಂಗೈಯಗಲದ ಯಾರ್ಕ್‌ಶೈರ್ ಟೆರಿಯರ್ ಸಮೇತ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಸುತ್ತೋಲೆ ಬರೆದವರ ಮೇಜಿನ ಮೇಲೆ ನನ್ನ ಹಳೆಯ ಕೋಶವೊಂದು ಇರಬೇಕಿತ್ತು ಎನಿಸಿತು.

ಟೇಕಡಿಯ ಬಂಡೆಯ ಮೇಲೆ ನಿಂತಿದ್ದ ಆ ಕಂದು ನಾಯಿಗೆ ಯಾವ ಪುಟ? ಕನ್ನಡದಲ್ಲಿ ಅದನ್ನು ಕಂತ್ರಿ ಎನ್ನುತ್ತೇವೆ, ಬೈಗುಳದಂತೆ. ಇಂಗ್ಲಿಷಿನ ಕಂಟ್ರಿ ಎಂಬ ಮಾತೇ ನಮ್ಮ ಬಾಯಲ್ಲಿ ಹೀಗಾದದ್ದು, ಅರ್ಥ ನಾಡ ನಾಯಿ ಎಂದಷ್ಟೇ. ಮರಾಠಿಯಲ್ಲಿ ಗಾವಠಿ. ಗೋವೆಯ ಕೊಂಕಣಿಯಲ್ಲಿ ಸುಣೆಂ, ನಮ್ಮ ವಚನಕಾರರ ಸೊಣಗನ ದಾಯಾದಿ, ಎರಡೂ ಸಂಸ್ಕೃತದ ಶುನಕದ ಮಕ್ಕಳು. ಕಂತ್ರಿ ಎಂದರೆ ಬೆರಕೆ ಎಂದು ಜನ ತಿಳಿದಿದ್ದಾರೆ. ನಗರಗಳಲ್ಲಿ ಬೆರಕೆ ಆಗಿದೆ ನಿಜ, ಆದರೆ ಮೂಲ ನಾಡ ನಾಯಿ ಬೆರೆಸಿ ಆದದ್ದಲ್ಲ, ಯಾರೂ ಬೆರೆಸದೆ ಉಳಿದದ್ದು. ಅದರ ಕಸುಬು ಬದುಕುವುದು. ಕಡಿಮೆ ಕೂದಲು, ಹದವಾದ ಮೂತಿ, ಇಪ್ಪತ್ತು ಕಿಲೋ ಒಳಗಿನ ತೂಕ, ಎಲ್ಲವನ್ನೂ ಹವೆ ಮತ್ತು ಹಸಿವು ತಿದ್ದಿವೆ. ವಹಿ ಇಲ್ಲ, ಮಾನಕ ಇಲ್ಲ. ಪ್ರೀತಿಸುವವರು ಮಾತ್ರ ಹಿಂದೆಯೂ ಇದ್ದರು: 1832ರಲ್ಲಿ ಮುಂಬಯಿಯ ಬೀದಿನಾಯಿಗಳನ್ನು ಕೊಲ್ಲಿಸಲು ಬ್ರಿಟಿಷರು ಹೊರಟಾಗ ಪಾರ್ಸಿಗಳು ಬೀದಿಗಿಳಿದು ಪೇಟೆ ಬಂದ್ ಮಾಡಿಸಿದರು. ರತನ್ ಟಾಟಾ ಗೋವೆಯಿಂದ ತಂದು ಸಾಕಿದ್ದ ಬೀದಿನಾಯಿಯ ಹೆಸರೇ ಗೋವಾ.

ಇನ್ನು ನಮ್ಮ ಮುಧೋಳ. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಬಯಲಿನಲ್ಲಿ ಬೇಡರು ಸಾಕಿದ್ದ ಓಟದ ನಾಯಿಗಳನ್ನು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಗಮನಿಸಿ, ಆಯ್ದು ಬೆಳೆಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಮರಿ ಕೊಟ್ಟರು, ಮುಧೋಳದ ಹೌಂಡ್ ಎಂಬ ಹೆಸರು ಅಲ್ಲಿಂದ ಬಂತು ಎಂಬುದು ನಮ್ಮ ಕಡೆ ಎಲ್ಲರೂ ಹೇಳುವ ಕಥೆ. ಅದೇ ಬಗೆಯ ನಾಯಿ ಗಡಿಯಾಚೆ ಲಾತೂರು, ಸೊಲ್ಲಾಪುರದ ಹಳ್ಳಿಗಳಲ್ಲೂ ಉಂಟು. ವರ್ತಕರ ತಾಂಡಾಗಳ ಜೊತೆ, ಅಂದರೆ ಕಾರವಾನಗಳ ಜೊತೆ, ಬಂದದ್ದೆಂದು ಅಲ್ಲಿ ಕಾರವಾನ. ಉದ್ದ ಕೂದಲಿನದಾದರೆ ಪಶ್ಮಿ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಾನು ಒಮ್ಮೆ ಹೋಗಿದ್ದಾಗ ಕಂಬಿಯಾಚೆ ಒಂದು ಕಂದು ಹೆಣ್ಣುನಾಯಿ ನಿಂತಿತ್ತು. ಪಕ್ಕೆಲುಬು ಎಣಿಸುವಂತಿತ್ತು, ಅದು ಹಸಿವಲ್ಲ, ಓಟದ ಮೈ. ನನ್ನನ್ನು ನೋಡಲೇ ಇಲ್ಲ, ನನ್ನ ಹಿಂದೆ ದೂರದ ಕಬ್ಬಿನ ಗದ್ದೆಯ ಅಂಚಿನಲ್ಲಿ ಏನೋ ಅಲುಗಿದ್ದನ್ನು ನೋಡುತ್ತಿತ್ತು. ಕಣ್ಣಿನ ನಾಯಿ ಎಂಬ ಮಾತು ನನಗೆ ಅಂದು ಅರ್ಥವಾಯಿತು.

ಈ ನಾಯಿಗೆ ಭಾರತದಲ್ಲೇ ವಹಿಗಳು ಬೇರೆ ಬೇರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ವಹಿಯಲ್ಲಿ ಅದು ಕಾರವಾನ ಹೌಂಡ್. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನ ವಹಿಯಲ್ಲಿ ಮುಧೋಳ ಹೌಂಡ್. ದನ, ಕುರಿ, ಕೋಳಿಗಳ ದೇಶಿ ತಳಿಗಳನ್ನು ನೋಂದಾಯಿಸುವ ಕರ್ನಾಲಿನ ರಾಷ್ಟ್ರೀಯ ಕೇಂದ್ರ ಮೊದಲ ಬಾರಿಗೆ ನಾಯಿಗಳಿಗೆ ಮಾನ್ಯತೆ ಕೊಟ್ಟಾಗ ರಾಜಪಾಳಯಂ, ಚಿಪ್ಪಿಪಾರೈ ಜೊತೆ ಮುಧೋಳವೂ ಸೇರಿತು. ಒಂದು ಓಟಕ್ಕೆ ಎರಡು ಹೆಸರು, ಮೂರು ಮುದ್ರೆ. ಹೊರದೇಶದಲ್ಲಿ ಕುಳಿತು ಕೋಶ ಬರೆದವನು ಯಾವುದನ್ನು ಎತ್ತಿಕೊಳ್ಳಬೇಕು ಎಂದು ತಿಳಿಯದೆ ಎರಡನ್ನೂ ಬಿಟ್ಟಿರಬೇಕು.

ಕಳೆದ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಪುಸ್ತಕವನ್ನು ಮಕ್ಕಳಿಗೆ ತೋರಿಸಲು ಒಯ್ದಿದ್ದೆ. ಪುಣೆಯಲ್ಲೇ ಹುಟ್ಟಿದ ಒಬ್ಬ ಹುಡುಗಿ ಎಲ್ಲ ಪುಟ ತಿರುವಿ, ನಮ್ಮ ಊರಿನ ನಾಯಿ ಎಲ್ಲಿ ಎಂದು ಕೇಳಿದಳು. ಅಂಚೆ ಇಲಾಖೆ 2005ರ ಜನವರಿಯಲ್ಲಿ ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿ ತಂದಿತ್ತು. ಅದರಲ್ಲಿನ ಮುಧೋಳದ ಚೀಟಿಯೊಂದು ನನ್ನ ಸಂಗ್ರಹದಲ್ಲಿತ್ತು. ಮನೆಗೆ ಬಂದು ಅದನ್ನು ಸಲೂಕಿಯ ಎದುರಿನ ಪುಟದ ಖಾಲಿ ಅಂಚಿಗೆ ಅಂಟಿಸಿದೆ. ವಾರದ ನಂತರ ಕಾಕಾ ಪುಸ್ತಕ ಎರವಲು ಒಯ್ದು ಮರಳಿಸಿದರು. ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ, ದೇವನಾಗರಿಯಲ್ಲಿ, ಸಣ್ಣದಾಗಿ ಕಾರವಾನ ಎಂದು ಬರೆದಿತ್ತು. ರಬ್ಬರ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದು, ಹಾಗೇ ಬಿಟ್ಟೆ.